ಐಸಿಲ್ಡಾ ಅಮ್ಮನ ಮುಂದಿನ ಕೋಣೆ

ಮೊಣಕಾಲು ಯಾರ ಮಾತನ್ನೂ ಕೇಳುವುದಿಲ್ಲ. ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನ ಐಸಿಲ್ಡಾ ಅಮ್ಮನ ಮೊಣಕಾಲೂ ಕೇಳಲಿಲ್ಲ. ಎಂಬತ್ತು ದಾಟಿದ ಮೇಲೂ ಚರ್ಚಿನಲ್ಲಿ ಎದ್ದು ನಿಂತು ಹಾಡುತ್ತಿದ್ದ ಹೆಂಗಸು, ಆ ವರ್ಷದ ಬೇಸಿಗೆ ಕಳೆಯುವಷ್ಟರಲ್ಲಿ ಮಹಡಿಯ ಮೆಟ್ಟಿಲು ಕಂಡರೆ ಮುಖ ತಿರುಗಿಸುವಂತಾದರು. ಡಾಕ್ಟರು ನೋಡಿ, ಇನ್ನು ಮಲಗುವ ಮಂಚ ಕೆಳಗೇ ಇರಲಿ ಅಂದರು. ಕೆಳಗೆ ಮಂಚ ಹಿಡಿಸುವ ಜಾಗ ಒಂದೇ ಒಂದು, ಬೀದಿ ಕಡೆಯ ಮುಂದಿನ ಕೋಣೆ.

ಮುಂದಿನ ಕೋಣೆ ಅಂದರೆ ಏನೆಂದು ಜಮೈಕಾದಿಂದ ಬಂದವರ ಮನೆಯಲ್ಲಿ ಬೆಳೆದ ಯಾರನ್ನಾದರೂ ಕೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಹಳೆಯ ಏಟು ನೆನೆದು ತೊಡೆ ಸವರಿಕೊಳ್ಳುತ್ತಾರೆ. ಆ ಕೋಣೆಯ ಸೋಫಾಕ್ಕೆ ಪ್ಲಾಸ್ಟಿಕ್ ಹೊದಿಕೆ. ಗಾಜಿನ ಕಪಾಟಿನಲ್ಲಿ ಒಮ್ಮೆಯೂ ಟೀ ಕಾಣದ ಟೀ ಬಟ್ಟಲುಗಳು. ಒಂದು ಮೂಲೆಯಲ್ಲಿ ರೇಡಿಯೋ, ಗ್ರಾಮಫೋನ್ ಎರಡೂ ಸೇರಿದ, ಶವಪೆಟ್ಟಿಗೆಯಷ್ಟು ಉದ್ದದ ರೇಡಿಯೋಗ್ರಾಮ್. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಮೇಜಿನ ಮೇಲೂ ಐಸಿಲ್ಡಾ ಅಮ್ಮ ಕೊಕ್ಕೆಸೂಜಿಯಲ್ಲಿ ಕೈಯಾರೆ ಹೆಣೆದ ಕ್ರೋಶಾ ಹಾಸು, ಅದರ ಅಂಚಿನ ನಿರಿಗೆ ರಾಣಿಯ ಕಿರೀಟದ ಹಾಗೆ ಎದ್ದು ನಿಂತಿರಬೇಕು. ವಾರವಿಡೀ ಬಾಗಿಲಿಗೆ ಬೀಗ. ಮಕ್ಕಳಿಗೆ ಅಡುಗೆಮನೆಯ ಬೆಂಚೇ ಗತಿ.

ಆದ್ದರಿಂದ ಕೋಣೆ ಖಾಲಿ ಮಾಡಬೇಕೆಂದಾಗ ಮಗಳು ಕ್ಲಾಡೆಟ್ ಒಳಗೊಳಗೇ ಹಿಗ್ಗಿದಳು. ಆರು ವರ್ಷದವಳಿದ್ದಾಗ ಆ ಸೋಫಾದ ಮೇಲೆ ಕುಳಿತದ್ದಕ್ಕೆ ಬಿದ್ದ ಏಟು, ಅರವತ್ತರ ಹತ್ತಿರ ಬಂದರೂ ಅವಳಿಗೆ ನೆನಪಿತ್ತು. ಅವಳು ಊರಿನ ಬಸ್ಸು ಓಡಿಸುವವಳು, ಯಾವುದನ್ನೂ ತಡ ಮಾಡುವ ಜಾತಿಯಲ್ಲ. ತಮ್ಮ ಎರಾಲ್‌ಗೆ ಫೋನು ಮಾಡಿ, ತಿಂಗಳ ಕೊನೆಯ ಭಾನುವಾರ ವ್ಯಾನು ತರಲು ಹೇಳಿಬಿಟ್ಟಳು. ಒಳ್ಳೆಯದು ಹಳೇ ಸಾಮಾನಿನ ಅಂಗಡಿಗೆ, ಉಳಿದದ್ದು ಕಸದ ಗುಂಡಿಗೆ. ಐಸಿಲ್ಡಾ ಅಮ್ಮ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ಅದೇ ವಾರದ ಶನಿವಾರ ಮಧ್ಯಾಹ್ನ ಮನೆಯಲ್ಲಿ ಸೂಪು ಕುದಿಯುತ್ತಿತ್ತು. ಕುಂಬಳ, ಸುವರ್ಣಗೆಡ್ಡೆ, ಹಿಟ್ಟಿನ ಉಂಡೆ, ಕುರಿಮಾಂಸ ಎಲ್ಲ ಒಂದೇ ಪಾತ್ರೆಯಲ್ಲಿ. ಆ ವಾಸನೆ ಹಿಡಿದು ಬಂದವಳಂತೆ ಮಾರ್ವಾ ಬಂದಳು. ಕ್ಲಾಡೆಟ್‌ಳ ಬಾಲ್ಯದ ಗೆಳತಿ, ಊರಿನ ಲೈಬ್ರರಿಯಲ್ಲಿ ಕೆಲಸ. ಅಕ್ಟೋಬರ್ ಬಂತೆಂದರೆ ಅವಳ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ, ಯಾಕೆಂದರೆ ಅದು ಇಂಗ್ಲೆಂಡಿನಲ್ಲಿ ಕಪ್ಪುಜನರ ಚರಿತ್ರೆಯ ತಿಂಗಳು. ಈ ಸಲದ ಹಬ್ಬಕ್ಕೆ ಚರ್ಚಿನ ಸಭಾಂಗಣದಲ್ಲಿ ಒಂದು ನಿಜವಾದ ಮುಂದಿನ ಕೋಣೆಯನ್ನೇ ಜೋಡಿಸಬೇಕೆಂದು ಅವಳ ಆಸೆ. ಐಸಿಲ್ಡಾ ಆಂಟಿಯ ಕೋಣೆಯನ್ನು ಒಂದು ದಿನದ ಮಟ್ಟಿಗೆ ಕೊಡಿ ಎಂದು ಕೇಳಿದಳು.

ಕ್ಲಾಡೆಟ್ ಸೌಟು ಕೆಳಗಿಟ್ಟಳು.

"ಚರಿತ್ರೆ ಅಂದ್ರೆ ದೊಡ್ಡೋರ್ದು ಕಣೇ. ನಮ್ಮಮ್ಮ ಉಣ್ಣೆ ಮಿಲ್ಲಲ್ಲಿ ರಾತ್ರಿ ಪಾಳಿ ಮಾಡ್ದೋಳು. ಪ್ಲಾಸ್ಟಿಕ್ ಸೋಫಾ ನೋಡೋಕೆ ಯಾರು ಬರ್ತಾರೆ?"

"ದೊಡ್ಡೋರ ಪಟ ಶಾಲೆ ಗೋಡೆ ಮೇಲಿದೆ," ಅಂದಳು ಮಾರ್ವಾ. "ಆ ಮಿಲ್ಲಲ್ಲಿ ರಾತ್ರಿಯೆಲ್ಲ ನಿಂತೋರು ಯಾವ ಗೋಡೆ ಮೇಲಿದಾರೆ, ಹೇಳು."

ಕ್ಲಾಡೆಟ್ ಸುಲಭಕ್ಕೆ ಬಗ್ಗಲಿಲ್ಲ. ಒಂದು ದಿನ ಡೋಲು ಬಾರಿಸಿ, ಕೋಳಿ ಸುಟ್ಟು ತಿಂದು, ನವೆಂಬರಿಗೆ ಎಲ್ಲ ಮರೆತುಬಿಡುತ್ತಾರೆ ಎಂದಳು. ಮಾರ್ವಾ ಅದನ್ನು ಅಲ್ಲಗಳೆಯಲಿಲ್ಲ. ಹಾಗೆ ಆಗುವುದೂ ಉಂಟು ಎಂದು ಒಪ್ಪಿಕೊಂಡೇ, ಅದಕ್ಕೇ ಈ ಸಲ ಬರೀ ಡೋಲು ಸಾಲದು, ಹಿರಿಯರು ಬಂದು ಕೂತು ತಮ್ಮ ಬಾಯಿಂದಲೇ ಹೇಳಬೇಕು, ಅದನ್ನು ರೆಕಾರ್ಡು ಮಾಡಿ ಲೈಬ್ರರಿಯಲ್ಲಿ ಇಡುತ್ತೇವೆ ಎಂದಳು. ಪಕ್ಕದ ಬೀದಿಯ ಪಂಜಾಬಿಗಳು, ಪೋಲೆಂಡಿನವರು, ಎಲ್ಲರನ್ನೂ ಕರೆದಿದ್ದಾಳಂತೆ. ಕಳೆದ ಚಳಿಗಾಲದಲ್ಲಿ ತೀರಿಕೊಂಡ ಮೂವರು ಅಜ್ಜಿಯರ ಹೆಸರು ಹೇಳಿದಳು. ಅವರ ಕಥೆ ಅವರ ಜೊತೆಯಲ್ಲೇ ಮಣ್ಣಾಯಿತು ಎನ್ನುವಾಗ ಅವಳ ದನಿ ಸಣ್ಣಗಾಯಿತು.

ಅಷ್ಟು ಹೊತ್ತೂ ಕುರ್ಚಿಯಲ್ಲಿ ಕೂತು ಸೂಪು ಊದಿ ಆರಿಸಿಕೊಳ್ಳುತ್ತಿದ್ದ ಐಸಿಲ್ಡಾ ಅಮ್ಮ ತಲೆ ಎತ್ತಿದರು. "ಕೊಡ್ತೀನಿ ಮಾರ್ವಾ. ನಾನೂ ಬಂದು ಕೂತ್ಕೋತೀನಿ," ಎಂದರು. ಅವರ ಮುಖದಲ್ಲಿ ಒಂದು ಹೊಳಪು ಬಂದಿತ್ತು. ಬೇಸಿಗೆಯಿಂದ ಕ್ಲಾಡೆಟ್ ಅದನ್ನು ಕಂಡಿರಲಿಲ್ಲ.

ಕ್ಲಾಡೆಟ್ ಕೆಟ್ಟವಳೇನಲ್ಲ. ಹೇಗೂ ಊರಿನವರೆಲ್ಲ ನೋಡುತ್ತಾರೆ, ಅಮ್ಮನಿಗೆ ಅವಮಾನ ಆಗಬಾರದು ಎಂದುಕೊಂಡು, ಹಬ್ಬದ ಹಿಂದಿನ ಗುರುವಾರ ಕೋಣೆಯ ಧೂಳು ಹೊಡೆದಳು. ಕ್ರೋಶಾ ಹಾಸುಗಳು ಹಳದಿ ತಿರುಗಿದ್ದವು. ಎಲ್ಲವನ್ನೂ ಬಾಚಿ ವಾಷಿಂಗ್ ಮಷೀನಿಗೆ ತುಂಬಿ, ಬಿಸಿನೀರಿಗೆ ಗುಂಡಿ ತಿರುಗಿಸಿದಳು. ಆ ನಿರಿಗೆಗಳನ್ನು ಎತ್ತಿ ನಿಲ್ಲಿಸಿದ್ದು ನೀರಿಗೆ ಕರಗುವ ಸಕ್ಕರೆಯ ಗಂಜಿ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಮುಟ್ಟಿದರೆ ಏಟು ಬೀಳುತ್ತಿದ್ದ ವಸ್ತುವನ್ನು ಮಾಡುವುದು ಹೇಗೆಂದು ಅವಳಿಗೆ ಯಾರು ಕಲಿಸಿದ್ದರು?

ಮಷೀನಿನಿಂದ ಹೊರಬಂದದ್ದು ಬೆಳ್ಳಗಿತ್ತು, ನಿಜ. ಆದರೆ ಕಿರೀಟಗಳೆಲ್ಲ ಪಾತ್ರೆ ಒರೆಸುವ ಬಟ್ಟೆಯಾಗಿದ್ದವು. ಐಸಿಲ್ಡಾ ಅಮ್ಮ ಒಂದನ್ನು ಎತ್ತಿ ಹಿಡಿದರು, ಅದು ಬೆರಳುಗಳ ನಡುವೆ ಜೋತುಬಿತ್ತು. ಬೈಯಲಿಲ್ಲ, ಕೂಗಾಡಲಿಲ್ಲ. ಸಂಧಿವಾತದಿಂದ ಸೊಟ್ಟಗಾದ ತಮ್ಮ ಬೆರಳುಗಳನ್ನೇ ಒಮ್ಮೆ ನೋಡಿಕೊಂಡು, "ಮಾರ್ವಾಗೆ ಬೇಡ ಅಂತ ಹೇಳ್ಬಿಡು," ಎಂದರು. "ಬೋಳು ಮೇಜು ಇಟ್ಕೊಂಡು ನಾನು ಊರೋರ ಮುಂದೆ ಕೂರಲ್ಲ."

ಏಟು ಬಿದ್ದಿದ್ದರೆ ಕ್ಲಾಡೆಟ್‌ಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹಿತ್ತಿಲಿಗೆ ಹೋಗಿ ಮಾರ್ವಾಗೆ ಫೋನು ಹಚ್ಚಿ, ಆದದ್ದನ್ನೆಲ್ಲ ಹೇಳಿ, ಹಬ್ಬದಿಂದ ಅಮ್ಮನ ಹೆಸರು ತೆಗೆದುಬಿಡು ಎಂದಳು. ಮಾರ್ವಾ ತಕ್ಷಣ ಒಪ್ಪಲಿಲ್ಲ. ಆಂಟಿಯ ಕೈ ಹೋಗಿದೆ, ಬಾಯಿ ಇದೆಯಲ್ಲ, ನಿನ್ನ ಕೈ ಇದೆಯಲ್ಲ, ಒಂದು ಸಲ ಕೇಳಿ ನೋಡು ಎಂದಳು. ಕ್ಲಾಡೆಟ್ ಫೋನು ಇಟ್ಟಳು. ಅಮ್ಮನನ್ನು ಏನನ್ನಾದರೂ ಕಲಿಸಿಕೊಡು ಎಂದು ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

ಒಳಗೆ ಬಂದು ಒಲೆಯ ಮೇಲೆ ಪಾತ್ರೆ ಇಟ್ಟಳು. ಸಕ್ಕರೆ ಡಬ್ಬ ಕೈಗೆತ್ತಿಕೊಂಡು, "ಅಮ್ಮ, ಎಷ್ಟು ಹಾಕ್ಲಿ?" ಎಂದಳು.

ಐಸಿಲ್ಡಾ ಅಮ್ಮ ಕುರ್ಚಿಯನ್ನು ಒಲೆಯ ಹತ್ತಿರ ಎಳೆಯಲು ಹೇಳಿದರು. "ಕೈ ಬಿಗಿ ಹಿಡೀಬೇಡ, ಧಾರಾಳವಾಗಿ ಹಾಕು. ಎಳೆ ಬರೋಕೆ ಮುಂಚೆ ಇಳ್ಸು. ಬಿಸಿ ಇರೋವಾಗ್ಲೇ ಅದ್ದಿ ಹಿಂಡ್ಬೇಕು, ಸುಡುತ್ತೆ. ನಿಂಗೆ ಬಸ್ಸಿನ ಚಕ್ರ ಹಿಡಿದು ಅಭ್ಯಾಸ, ತಡ್ಕೋತೀಯ."

ನಿಜಕ್ಕೂ ಸುಡುತ್ತಿತ್ತು. ಮೊದಲನೆಯ ಹಾಸು ಅಂಟಂಟಾಗಿ ಉಂಡೆಯಾಯಿತು. ಎರಡನೆಯದರ ನಿರಿಗೆಯನ್ನು ಒಂದೊಂದಾಗಿ ಎತ್ತಿ, ನಿಲ್ಲಲೆಂದು ಒಳಗೆ ಗಾಜಿನ ಲೋಟ ಇಟ್ಟರು. ಲೋಟಗಳು ಸಾಲದೆ ಬಂದಾಗ ಐಸಿಲ್ಡಾ ಅಮ್ಮನೇ ಗಾಜಿನ ಕಪಾಟಿನ ಟೀ ಬಟ್ಟಲುಗಳನ್ನು ತರಲು ಹೇಳಿದರು. ಕ್ಲಾಡೆಟ್ ಕಿವಿ ಕೆರೆದುಕೊಂಡು ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡೇ ತಂದಳು.

ಆ ಹೊತ್ತಿಗೆ ಹಿಂಬಾಗಿಲಿನಿಂದ ಹಲೀನಾ ಬಂದಳು. ಪಕ್ಕದ ಮನೆಯವಳು, ಪೋಲೆಂಡಿನಿಂದ ಬಂದವರ ಮಗಳು, ಎಪ್ಪತ್ತು ದಾಟಿದರೂ ದಿನಕ್ಕೊಂದು ಸಲ ಟೀಗೆ ಬರುವುದನ್ನು ತಪ್ಪಿಸಿದವಳಲ್ಲ. ಮೇಜಿನ ಮೇಲಿನ ಸಾಲನ್ನು ನೋಡಿ, ನಮ್ಮಮ್ಮನೂ ಈಸ್ಟರ್ ಹಬ್ಬಕ್ಕೆ ಸಕ್ಕರೆಯಲ್ಲೇ ಹೀಗೆ ನಿಲ್ಲಿಸುತ್ತಿದ್ದಳು ಎಂದಳು. ಏನೋ ನೆನಪಾಗಿ ಮನೆಗೆ ಓಡಿದವಳು, ತಿರುಗಿ ಬರುವಾಗ ಕೈಯಲ್ಲಿ ಒಂದು ಮೆತ್ತಗಾದ ಕ್ರೋಶಾ ಹಾಸು ಹಿಡಿದಿದ್ದಳು. ಅಂಚಿನಲ್ಲಿ ಅನಾನಸು ಹಣ್ಣಿನ ಹೆಣಿಗೆ. ಅದು ಅಮ್ಮನ ಕೈಯದ್ದೆಂದು ನೋಡಿದ ಕೂಡಲೇ ಕ್ಲಾಡೆಟ್‌ಗೆ ಗೊತ್ತಾಯಿತು.

"ಇದು ಹಲೀನಾ ಮನೆಗೆ ಹೇಗೆ ಹೋಯ್ತಮ್ಮ?"

ಐಸಿಲ್ಡಾ ಅಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಸವರಿದರು.

"ನಿಮ್ಮಪ್ಪ ಎಗ್ಬರ್ಟೂ ನಾನೂ ಈ ಊರಿಗೆ ಬಂದಾಗ ಬಾಡಿಗೆಗೆ ಕೋಣೆ ಹುಡುಕ್ಕೊಂಡು ಬೀದಿ ಬೀದಿ ಅಲೆದ್ವಿ. ಕೆಲವು ಕಿಟಕೀಲಿ ಕಪ್ಪುಜನರಿಗಿಲ್ಲ ಅಂತ ಬರೆದೇ ಇಟ್ಟಿದ್ರು. ಬರೀದೇ ಇದ್ದೋರು ಬಾಗಿಲು ಒಂದ್ ಚೂರು ತೆಗೆದು, ಮಳೇಲಿ ನಿಲ್ಸೇ ಮಾತಾಡಿ ಕಳಿಸ್ತಿದ್ರು. ಒಳಗೆ ಬಾ ಅಂದೋರಿಲ್ಲ, ಕೂತ್ಕೋ ಅಂದೋರಿಲ್ಲ. ನೀನು ಹೊಟ್ಟೇಲಿದ್ದೆ. ಕೊನೆಗೆ ಇವಳಮ್ಮ ಜೋಫಿಯಾ ಬಾಗಿಲು ತೆಗೆದ್ಲು. ಅವಳಿಗೆ ಇಂಗ್ಲಿಷೇ ಬರ್ತಿರ್ಲಿಲ್ಲ. ಕೈ ಹಿಡಿದು ಒಳಗೆ ಕರ್ಕೊಂಡೋಗಿ, ಇದ್ದ ಒಂದೇ ಒಳ್ಳೆ ಕುರ್ಚೀಲಿ ನನ್ನ ಕೂರ್ಸಿ, ನಿಂಬೆಹಣ್ಣು ಹಾಕಿ ಟೀ ಕೊಟ್ಲು, ಇರೋಕೆ ಕೋಣೇನೂ ಕೊಟ್ಲು. ಕೊಡೋಕೆ ನನ್ನ ಹತ್ರ ಏನೂ ಇರ್ಲಿಲ್ಲ. ಅದಕ್ಕೇ ಇದನ್ನ ಹೆಣೆದು ಕೊಟ್ಟೆ."

ಹಲೀನಾ ಮೂಗು ಒರೆಸಿಕೊಂಡಳು.

"ಆವತ್ತೇ ಅಂದ್ಕೊಂಡೆ. ನಂದೂ ಅಂತ ಒಂದ್ ಮನೆ ಆದ್ರೆ, ಯಾರೇ ಬಾಗಿಲಿಗೆ ಬರ್ಲಿ, ಯಾವ ಹೊತ್ತಿಗೇ ಬರ್ಲಿ, ಒಳಗೆ ಕರೆದು ಒಳ್ಳೆ ಸೋಫಾ ಮೇಲೆ ಕೂರಿಸ್ಬೇಕು. ಅದಕ್ಕೇ ಆ ಕೋಣೇನ ಮುಟ್ಟೋಕೆ ಬಿಡ್ತಿರ್ಲಿಲ್ಲ. ಅದು ಸದಾ ತಯಾರಿರ್ಬೇಕಿತ್ತು."

ಕ್ಲಾಡೆಟ್‌ಗೆ ಒಂದೊಂದೇ ನೆನಪಾಯಿತು. ಜಮೈಕಾ ದ್ವೀಪದಿಂದ ಹೊಸದಾಗಿ ಬಂದವರು ಪೆಟ್ಟಿಗೆ ಸಮೇತ ಮೊದಲು ಬಂದು ಕೂರುತ್ತಿದ್ದದ್ದು ಆ ಕೋಣೆಯಲ್ಲೇ. ಊರಿನ ಚರ್ಚುಗಳಲ್ಲಿ ತಮ್ಮವರನ್ನು ಯಾರೂ ಮಾತಾಡಿಸದಿದ್ದ ಕಾಲದಲ್ಲಿ ಪ್ರಾರ್ಥನೆ ನಡೆಯುತ್ತಿದ್ದದ್ದೂ ಅಲ್ಲೇ. ಅದನ್ನೆಲ್ಲ ಅವಳು ಬಾಗಿಲ ಸಂದಿಯಿಂದ ನೋಡಿದ್ದಳು, ನೋಡಿ ಹೊಟ್ಟೆ ಉರಿದುಕೊಂಡಿದ್ದಳು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, ಅವಮಾನವನ್ನು ಮಕ್ಕಳಿಗೆ ಉಣಿಸುವುದು ಬೇಡವೆಂದು ಸುಮ್ಮನಿದ್ದೆ ಎಂದರು ಐಸಿಲ್ಡಾ ಅಮ್ಮ. "ನೀನೂ ಕೇಳ್ಲಿಲ್ಲ," ಎಂದೂ ಸೇರಿಸಿದರು. ಮಗಳು ಹಲೀನಾಳ ಹಾಸನ್ನು ತೆಗೆದುಕೊಂಡು ಸಕ್ಕರೆ ಪಾಕದಲ್ಲಿ ಅದ್ದಿದಳು.

ಶನಿವಾರ ಸಭಾಂಗಣ ತುಂಬಿತ್ತು. ಎರಾಲ್ ವ್ಯಾನಿನಲ್ಲಿ ಕೋಣೆಯನ್ನೇ ಹೊತ್ತು ತಂದು ಜೋಡಿಸಿದ್ದ. ಹಾಸುಗಳು ಎದ್ದು ನಿಂತಿದ್ದವು, ಕ್ಲಾಡೆಟ್ ಮೊದಮೊದಲು ಮಾಡಿದ ಒಂದೆರಡು ಮಾತ್ರ ಕೊಂಚ ಕುಡಿದವರ ಹಾಗೆ ವಾಲಿದ್ದವು. ಎಲ್ಲಕ್ಕೂ ಮುಂದೆ, ನಡುಮೇಜಿನ ಮೇಲೆ, ಜೋಫಿಯಾಗೆ ಕೊಟ್ಟಿದ್ದ ಹಾಸು. ಪಕ್ಕದ ಬೀದಿಯ ಪಂಜಾಬಿ ಹೆಂಗಸು ಸುರಿಂದರ್ ತನ್ನ ಮೊಮ್ಮಕ್ಕಳಿಗೆ ಸೋಫಾದ ಪ್ಲಾಸ್ಟಿಕ್ ತೋರಿಸಿ, ನಮ್ಮಲ್ಲೂ ಹೀಗೇ ಇತ್ತು, ನಾನೂ ಏಟು ತಿಂದಿದ್ದೇನೆ ಎಂದು ನಗುತ್ತಿದ್ದಳು. ಐಸಿಲ್ಡಾ ಅಮ್ಮ ಚರ್ಚಿನ ಟೋಪಿ ಧರಿಸಿ ಸೋಫಾದ ಮೇಲೆ ಕುಳಿತು, ಮಳೆಯಲ್ಲಿ ನಿಂತದ್ದನ್ನು ಹೇಳಿದರು, ನಿಂಬೆಹಣ್ಣಿನ ಟೀಯನ್ನೂ ಹೇಳಿದರು. ಹಲೀನಾಳನ್ನು ಪಕ್ಕಕ್ಕೆ ಕರೆದು, ಈ ಊರು ನಮಗೆ ಊರಾದದ್ದು ಇವಳ ತಾಯಿಯಿಂದ ಎಂದು ಎಲ್ಲರೆದುರು ಕೈಮುಗಿದರು. ಮಾರ್ವಾಳ ರೆಕಾರ್ಡರು ಓಡುತ್ತಿತ್ತು.

ಕ್ಲಾಡೆಟ್ ಜನರ ಹಿಂದೆ, ಕೋಣೆಯ ಅಂಚಿನಲ್ಲಿ ನಿಂತಿದ್ದಳು. ಸಣ್ಣವಳಿದ್ದಾಗ ನಿಲ್ಲುತ್ತಿದ್ದಂತೆಯೇ, ಒಂದು ಕಾಲು ಹೊರಗೆ. ಅಮ್ಮನ ಕಣ್ಣು ಅವಳ ಮೇಲೆ ಬಿತ್ತು.

"ಯಾಕೆ ಮಗಳೇ, ಅಲ್ಲೇ ನಿಂತಿದ್ದೀಯ? ಒಳಗೆ ಬಾ. ಕೂತ್ಕೋ."

ಅವಳು ಹೋಗಿ ಕುಳಿತಳು. ಪ್ಲಾಸ್ಟಿಕ್ ಕಿರುಗುಟ್ಟಿತು. ಅಮ್ಮನ ಸೊಟ್ಟ ಬೆರಳುಗಳನ್ನು ಹಿಡಿದುಕೊಂಡು, ಏನೋ ಹೇಳಬೇಕೆಂದು ಹೊರಟು, "ಥ್ಯಾಂಕ್ಸ್ ಅಮ್ಮ" ಅಂದಳು, ಅಷ್ಟೇ ಬಂತು.

ಕಸದ ಗುಂಡಿಗೆ ಏನೂ ಹೋಗಲಿಲ್ಲ. ಸೋಫಾ ಈಗ ಲೈಬ್ರರಿಯ ಮೂಲೆಯಲ್ಲಿದೆ, ಯಾರು ಬೇಕಾದರೂ ಕೂತು ಐಸಿಲ್ಡಾ ಅಮ್ಮನ ದನಿ ಕೇಳಬಹುದು. ಮಂಚ ಮುಂದಿನ ಕೋಣೆಗೆ ಬಂದಿದೆ, ಅದರ ಪಕ್ಕದಲ್ಲೇ ಗಾಜಿನ ಕಪಾಟು. ಆ ಬಟ್ಟಲುಗಳಲ್ಲಿ ಈಗ ಟೀ ಕುಡಿಯುತ್ತಾರೆ. ಮುಂದಿನ ವರ್ಷದ ಹಬ್ಬಕ್ಕೆ ಇನ್ನಾರ ಮನೆಯ ಅಜ್ಜಿಯನ್ನು ಕರೆತರಬೇಕೆಂದು ಮಾರ್ವಾಳಿಗಿಂತ ಕ್ಲಾಡೆಟ್‌ಗೇ ಹೆಚ್ಚು ಅವಸರ. ಬಸ್ಸು ಹತ್ತಿದ ಹಿರಿಯರನ್ನೆಲ್ಲ ವಿಚಾರಿಸುತ್ತಾಳೆಂದು ದೂರು ಕೂಡ ಇದೆ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾಕಿದೆಯೆಂದು ನೀವು ಕೇಳದ ಒಂದು ಕೋಣೆಯೋ, ಪೆಟ್ಟಿಗೆಯೋ, ಹಾಸೋ ಇದ್ದೇ ಇರುತ್ತದೆ. ವ್ಯಾನಿಗೆ ಫೋನು ಮಾಡುವ ಮೊದಲು ಅದರ ಒಡೆಯರ ಪಕ್ಕದಲ್ಲಿ ಕೂತು ಕೇಳಿ. ಕೈಗೆ ಏನಾದರೂ ಕೆಲಸ ಕೊಟ್ಟು ಕೇಳಿದರೆ ಮಾತು ತಾನಾಗಿ ಬರುತ್ತದೆ. ಅವರು ಒಪ್ಪಿದರೆ ಫೋನಿನಲ್ಲಿ ರೆಕಾರ್ಡು ಮಾಡಿಡಿ, ಹಳೆಯ ಫೋಟೋಗಳ ಹಿಂದೆ ಹೆಸರು ಬರೆದಿಡಿ. ಅಕ್ಟೋಬರ್ ಹಬ್ಬಕ್ಕೆ ಅವರನ್ನು ಕೈಹಿಡಿದು ಕರೆತನ್ನಿ, ಪಕ್ಕದ ಮನೆಯವರನ್ನೂ ಕರೆಯಿರಿ, ಅವರ ಹಬ್ಬಕ್ಕೆ ನೀವೂ ಹೋಗಿ. ನಮ್ಮ ಹಿರಿಯರನ್ನು ಒಂದು ಕಾಲದಲ್ಲಿ ಬಾಗಿಲಲ್ಲೇ ನಿಲ್ಲಿಸಿದರು. ಇವತ್ತು ನಿಮ್ಮ ಬಾಗಿಲಿಗೆ ಯಾರೇ ಬಂದರೂ, ಒಳಗೆ ಕರೆದು ಕೂರಿಸಿ.