ಕುಸಿದು ಕೂತ ನೀಲಿ ಪಟ್ಟೆ

ಸೌದೆ, ನೀರು, ಗಾಳಿ, ಬಿಸಿಲು. ಇವುಗಳಿಂದ ದೇಶದಲ್ಲಿ ವರ್ಷ ವರ್ಷ ಎಷ್ಟು ಶಕ್ತಿ ಬಳಕೆಯಾಯಿತು ಅನ್ನುವುದನ್ನು ಬಣ್ಣದ ಪಟ್ಟೆಗಳಾಗಿ ಒಂದರ ಮೇಲೊಂದು ಜೋಡಿಸಿ ನಕ್ಷೆ ಬರೆಯುವುದು ಮಗಳ ಕೆಲಸ. ಈ ಸಲದ ನಕ್ಷೆ ಅಚ್ಚಿಗೆ ಹೋಗುವ ಮೊದಲು ಮನೆಯವರೂ ನೋಡಲಿ ಅಂತ ಊಟದ ಮನೆಯ ಗೋಡೆಗೆ ಅಂಟಿಸಿದ್ದಳು. ಅದೇ ಎಡವಟ್ಟಾಯಿತು.

ಅಪ್ಪ ಅಣೆಕಟ್ಟಿನ ಟರ್ಬೈನು ನೋಡಿಕೊಂಡೇ ನಿವೃತ್ತನಾದವನು. ಈಗಲೂ ಯಾರ ಮನೆಗೆ ಹೋದರೂ ಫ್ಯಾನಿನ ಸದ್ದಿಗೆ ಕಿವಿಗೊಟ್ಟು, "ಬೇರಿಂಗ್ ಹೋಗ್ತಾ ಇದೆ ನೋಡ್ಕೊಳ್ಳಿ" ಅನ್ನದೆ ಕೂರುವವನಲ್ಲ. ಕನ್ನಡಕ ಏರಿಸಿ ನಕ್ಷೆ ನೋಡಿದ. ನೀರಿನ ನೀಲಿ ಪಟ್ಟೆ ವರ್ಷದಿಂದ ವರ್ಷಕ್ಕೆ ಜಾರುತ್ತಾ ಕೆಳಗಿಳಿದಿತ್ತು. ಅವನ ಮುಖವೂ ಅದರ ಜೊತೆಗೇ ಇಳಿಯಿತು.

"ಭಾನುವಾರ ಅಣೆಕಟ್ಟಿನ ಸುವರ್ಣೋತ್ಸವಕ್ಕೆ ನಾನು ಬರಲ್ಲ. ಇದನ್ನೇ ತಾನೆ ಅಲ್ಲಿ ತೂಗುಹಾಕೋದು? ಯಾವ ಮುಖ ಇಟ್ಕೊಂಡು ಹೋಗ್ಲಿ? ಜೀವಮಾನ ಪೂರ್ತಿ ದುಡಿದು ನೀರನ್ನ ಮುಳುಗಿಸಿದೆ ಅಂತಾರೆ."

"ನೀರನ್ನೇ ಮುಳುಗಿಸಿದ ಮೊದಲ ಮನುಷ್ಯ ನೀನೇ ಬಿಡಪ್ಪ," ಅಂದ ತಮ್ಮ. ಅವನು ಛಾವಣಿಗಳ ಮೇಲೆ ಸೌರಫಲಕ ಕೂರಿಸುವವನು. ನಕ್ಷೆಯ ತುದಿಯಲ್ಲಿ ಹಳದಿ ಪಟ್ಟೆ ಉಬ್ಬಿದ್ದು ಕಂಡಾಗಿನಿಂದ ನೆಲದ ಮೇಲೆ ಕಾಲೂರಿರಲಿಲ್ಲ.

"ಸುಮ್ನಿರೋ ಬಿಸಿಲರಾಯ! ಕತ್ತಲಾಗ್ತಿದ್ದ ಹಾಗೆ ನಮ್ಮ ಬಾಗಿಲಿಗೇ ತಾನೆ ಬರ್ತೀಯ?"

ಅಪ್ಪ ತಟ್ಟೆ ಬಿಟ್ಟು ಎದ್ದೇಬಿಟ್ಟ. ಮಗಳಿಗೆ ಪಿಚ್ಚೆನಿಸಿತು. ಆ ಸಮಾರಂಭಕ್ಕೆಂದೇ ಅವನು ಹಳೆಯ ಕೋಟು ಬಿಚ್ಚಿಸಿ ಹೊಲಿಸಿದ್ದ. ಅಂಕಿಗಳಲ್ಲಂತೂ ತಪ್ಪಿಲ್ಲ; ನೀರಿನ ಶಕ್ತಿಯ ಬಳಕೆ ಇದ್ದಷ್ಟೇ ಇದೆ. ಹಾಗಾದರೆ ಜಾರಿದ್ದೇಕೆ? ನೀಲಿ ಪಟ್ಟೆಯ ಮೇಲಂಚಿಗೂ ಕೆಳ ಅಂಚಿಗೂ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಎಳೆದು ನೋಡಿದಳು. ಬೆರಳುಗಳ ನಡುವಿನ ಅಂತರ ಬದಲಾಗಲೇ ಇಲ್ಲ. ಹಣೆ ಚಚ್ಚಿಕೊಂಡು ಒಳಗೆ ಓಡಿ, ಒಗೆದಿಟ್ಟ ಟವೆಲ್‌ಗಳನ್ನು ತಂದಳು.

"ಅಪ್ಪ, ಒಂದು ನಿಮಿಷ ಬಾ. ಆಮೇಲೆ ಬೇಕಾದ್ರೆ ಮುನಿಸ್ಕೋ."

ಮೇಜಿನ ಮೇಲೆ ದಪ್ಪ ಕಂದು ಟವೆಲ್ ಮಡಚಿಟ್ಟು, "ಇದು ಸೌದೆ" ಅಂದಳು. ಅದರ ಮೇಲೆ ನೀಲಿ ಇಟ್ಟಳು. "ಇದು ನೀನು." ಆಮೇಲೆ ಕಂದು ಟವೆಲನ್ನು ಎಳೆದು, ಆ ಜಾಗಕ್ಕೆ ತೆಳ್ಳಗಿನ ಕೈವಸ್ತ್ರ ತುರುಕಿದಳು. ನೀಲಿ ಧೊಪ್ಪನೆ ಕುಸಿಯಿತು. "ನೀನು ಸಣ್ಣಗಾದ್ಯಾ?"

ಅಪ್ಪ ನೀಲಿ ಟವೆಲನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. "ಇಲ್ಲ. ಇದ್ದಷ್ಟೇ ಇದೀನಿ. ಕೂತ ಪೀಠ ಇಳೀತು."

"ಸೌದೆ ಎಲ್ಲಕ್ಕಿಂತ ಹಳೇದು ಅಂತ ನಾನೇ ತಳಕ್ಕೆ ಹಾಕ್ದೆ. ಅದು ಕರಗ್ತಾ ಬಂತು, ಮೇಲಿದ್ದ ನಿನ್ನನ್ನೂ ಇಳಿಸ್ತು. ತಪ್ಪು ನಂದು."

ಅಮ್ಮ ಮನೆಯ ಮುಂದೆಯೇ ಬೇಕರಿ ನಡೆಸುವವಳು. ಇದ್ದ ಎರಡು ಸೌದೆ ಒಲೆಗಳಲ್ಲಿ ಒಂದನ್ನು ಕೀಳಿಸಿ ಕರೆಂಟಿನದು ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಬಂದು ನಿಂತಳು.

"ಸೌದೆ ಅಂದ್ರೆ ನಾನಲ್ವೇನೆ? ಇಷ್ಟು ವರ್ಷ ಇವರನ್ನ ತಲೆ ಮೇಲೆ ಹೊತ್ಕೊಂಡಿದ್ದು ಸಾಲ್ದು ಅಂತ ನಕ್ಷೇಲೂ ಹೊರಿಸಿದ್ಯಾ?"

ಮುನಿಸಿಕೊಂಡವನಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಮಗಳು ನೀಲಿಯನ್ನು ತಳಕ್ಕಿಟ್ಟು ನಕ್ಷೆ ತಿದ್ದಿದಳು. ಈಗ ನೀಲಿ ಪಟ್ಟೆ ಹಾಸಿದ ಚಾಪೆಯಂತೆ ಮಟ್ಟಸವಾಗಿತ್ತು. ಅದರ ಮೇಲೆ ಸೌದೆ ಸಣ್ಣಗಾಗುತ್ತಾ ಸಾಗಿತ್ತು; ಗಾಳಿಯೂ ಬಿಸಿಲೂ ಮೇಲಕ್ಕೆ ಚಿಮ್ಮಿದ್ದವು.

"ಮೇಲೆ ಹತ್ತು, ಹತ್ತು," ಅಂದ ಅಪ್ಪ ಮಗನಿಗೆ. "ಯಾರ ಹೆಗಲ ಮೇಲೆ ನಿಂತಿದೀಯ ಅಂತ ಮಾತ್ರ ಆಗಾಗ ಬಗ್ಗಿ ನೋಡ್ತಿರು."

ಭಾನುವಾರ ಕೋಟು ತೊಟ್ಟು ಎಲ್ಲರಿಗಿಂತ ಮೊದಲೇ ಹೊರಟುಹೋದ. ಮಗಳು ಸ್ನಾನಕ್ಕೆ ಹೊರಟರೆ ಮನೆಯಲ್ಲಿ ಒಂದು ಟವೆಲೂ ಇಲ್ಲ. ಅಷ್ಟರಲ್ಲಿ ಅವನದೇ ಫೋನು.

"ಲೇ, ಇಲ್ಲಿ ಎಲ್ಲರಿಗೂ ಅರ್ಥ ಮಾಡಿಸ್ತಾ ಇದೀನಿ. ಗಾಳಿಗೆ ಟವೆಲ್ ಸಾಲ್ತಾ ಇಲ್ಲ, ಬರುವಾಗ ಇನ್ನೊಂದು ತಗೊಂಡು ಬಾ. ನೀಲಿ ಬೇಡ. ನೀಲಿ ಗಟ್ಟಿಯಾಗಿದೆ."