ಅಕ್ಕನ ಓಣಿಯ ದಪ್ಪಕ್ಷರ

ಬೋರ್ಡ್ ಬರೆಯುವವನನ್ನು ಆ ಓಣಿಯಲ್ಲಿ ಎಲ್ಲರೂ ದಪ್ಪಕ್ಷರ ಎಂದೇ ಕರೆಯುತ್ತಿದ್ದರು. ಅಂಗಡಿಗಳೋ ಕೈ ಚಾಚಿದರೆ ಎರಡೂ ಗೋಡೆ ತಾಗುವಷ್ಟು ಕಿರಿದು. ಅವುಗಳ ಹೆಸರೋ ಮಾರುದ್ದ. ಹಾಗಾಗಿ ಅವನ ಅಕ್ಷರಗಳು ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡು ನೆಟ್ಟಗೆ ನಿಲ್ಲುತ್ತಿದ್ದವು. ಗೆರೆ ಎಲ್ಲ ಕಡೆಯೂ ಒಂದೇ ದಪ್ಪ, ಬಾಲ ಬಳುಕು ಏನೂ ಇಲ್ಲ, ತುದಿಗಳೆಲ್ಲ ಗುಂಡಗೆ. ಚೂಪು ಮೂಲೆಯ ಬಣ್ಣವೇ ಮೊದಲು ಚಕ್ಕೆ ಏಳುತ್ತದೆ ಎಂಬುದು ಅವನ ಲೆಕ್ಕ.

ಮಂಡಿ ಕೈಕೊಟ್ಟು ಅವನು ಏಣಿ ಹತ್ತುವುದನ್ನು ಬಿಟ್ಟ ಮೇಲೆ, ಮಗಳು ಆ ಅಕ್ಷರಗಳ ಫೋಟೊ ತೆಗೆದು, ತಿದ್ದಿ ತೀಡಿ, ಟೈಪ್ ಮಾಡಿದರೆ ಅದೇ ಅಕ್ಷರ ಮೂಡುವಂತೆ ಕಂಪ್ಯೂಟರಿಗೆ ಫಾಂಟ್ ಮಾಡಿದಳು. ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿಗೆ ಹಾಕಿದಳು. ಅಪ್ಪ ಉಬ್ಬಿಹೋದ. ಆದರೆ ಜಂಬ ಅಂದುಕೊಂಡಾರೆಂದು ಓಣಿಯಲ್ಲಿ ಯಾರಿಗೂ ಬಾಯಿಬಿಡಲಿಲ್ಲ. ಸುಡುಗಾಡು ಸಂಕೋಚ!

ಅಷ್ಟರಲ್ಲಿ ಅಂಗಡಿಗಳ ಕಟ್ಟಡ ಬೇರೆಯವರ ಪಾಲಾಯಿತು. ಕೊಂಡವರು ಅಂಗಡಿ ಬಿಡಿಸುತ್ತಾರೆಂಬ ಸುದ್ದಿ ಹಬ್ಬಿ, ಅವರಿಗೆ ಯಾರೂ ಒಂದು ಮೊಳೆಯನ್ನೂ ಹೊಡೆದು ಕೊಡಬಾರದೆಂದು ಅಂಗಡಿಯವರು ಮಾತಾಡಿಕೊಂಡರು. ಆ ಮಾತಿಗೆ ಮುಂದೆ ನಿಂತವಳು ದಪ್ಪಕ್ಷರನ ಅಕ್ಕ, ಮೊದಲ ಅಂಗಡಿಯ ಹೊಲಿಗೆಯವಳು.

ಒಂದು ಬೆಳಿಗ್ಗೆ ಓಣಿಯ ಬಾಯಲ್ಲಿ, ಎತ್ತರದಲ್ಲಿ, ಒಂದು ತಗಡಿನ ಹಲಗೆ: ‘ಈ ಕಟ್ಟಡ ಕೆಡವಲಾಗುವುದು’. ದಪ್ಪಗೆ, ಒತ್ತೊತ್ತಾಗಿ, ಗುಂಡು ತುದಿಯ ಅಕ್ಷರ. ಅವನು ಕುಂಟುತ್ತ ಅಕ್ಕನ ಅಂಗಡಿಗೆ ನಡೆದ.

"ಅವರ ಕೆಲಸ ಯಾವಾಗ ಹಿಡಿದೆ?" ಅಕ್ಕ ಕತ್ತರಿ ಕೆಳಗಿಡದೇ ಕೇಳಿದಳು.

"ನಾನು ಬರೆದಿದ್ದಲ್ಲ ಅಕ್ಕಾ, ನಿನ್ನಾಣೆ. ಅದು ಕಂಪ್ಯೂಟರು ಬರೆದಿದ್ದು."

"ನಿನ್ನ ಅಕ್ಷರ ನನಗೆ ಗೊತ್ತಿಲ್ವೇನೋ? ಕಂಪ್ಯೂಟರಿಗೆ ನಿನ್ನ ಕೈ ಎಲ್ಲಿಂದ ಬಂತು?"

ಅವನು ಮಗಳಿಗೆ ಫೋನ್ ಮಾಡಿ, ಆ ಅಕ್ಷರವನ್ನು ವಾಪಸ್ ತೆಗೆದುಕೊಂಡುಬಿಡು ಎಂದ.

"ಆಗಲ್ಲಪ್ಪಾ. ಇಳಿಸ್ಕೊಂಡೋರ ಹತ್ರ ಅದು ಇದ್ದೇ ಇರುತ್ತೆ. ತಾಳು, ಅತ್ತೆಗೆ ನಾನೇ ಹೇಳ್ತೀನಿ."

ಹೇಳಿಯೂ ಹೇಳಿದಳು. ಅತ್ತೆ ಕೇಳಿಸಿಕೊಂಡು, "ನೀನೆಲ್ಲಿ ಅಪ್ಪನ್ನ ಬಿಟ್ಟುಕೊಡ್ತೀಯಮ್ಮ" ಎಂದು ಫೋನ್ ಇಟ್ಟಳು.

ಕೊನೆಗೆ ಅವನಿಗೊಂದು ಉಪಾಯ ಹೊಳೆಯಿತು. ಬ್ರಷ್ಷು, ಬಣ್ಣ, ಒಂದು ತಗಡು ಹಿಡಿದು ಅಕ್ಕನ ಬಾಗಿಲಿಗೆ ಬಂದ. ಪಕ್ಕದ ಕ್ಷೌರಿಕ, ಬೀಗ ರಿಪೇರಿಯವನು, ಎಲ್ಲರೂ ಕೆಲಸ ಬಿಟ್ಟು ನೆರೆದರು.

"ಮೇಲೆ ನೋಡಿ, ಎರಡು ಡ ಇವೆ. ಎರಡೂ ಪಡಿಯಚ್ಚು. ನನ್ನ ಕೈಲಿ ಹಂಗೆ ಬರಲ್ಲ. ನಾನು ಜಾಗ ನೋಡಿ ಒಂದನ್ನ ಒತ್ತುತ್ತೀನಿ, ಒಂದನ್ನ ಸಡಿಲ ಬಿಡ್ತೀನಿ. ಈಗ ಅದನ್ನೇ ಬರೀತೀನಿ, ನೋಡ್ಕೊಳ್ಳಿ."

ನೆಲದಲ್ಲಿ ಕೂತು ಬರೆದ. ಬಹಳ ದಿನಗಳ ಮೇಲೆ ಬ್ರಷ್ಷು ಹಿಡಿದ ಖುಷಿಗೆ ಕೈ ತನ್ನ ಪಾಡಿಗೆ ತಾನು ಓಡಿತು. ಬರೆದು ಮುಗಿಸಿ ಹಿಂದೆ ಸರಿದು ನೋಡಿದ. ಕಟ್ಟಡದ ಡ, ಕೆಡವುವುದರ ಡ, ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಇಷ್ಟು ವರ್ಷ ತನ್ನ ಕೈ ಹೀಗೇ ಬರೆಯುತ್ತಿತ್ತೆಂಬುದು ಅವನಿಗೇ ಗೊತ್ತಿರಲಿಲ್ಲ.

"ನಮ್ಮೆದುರಿಗೇ ಬರೆದ್ಬಿಟ್ನಲ್ರೀ!" ಎಂದ ಕ್ಷೌರಿಕ.

ದಪ್ಪಕ್ಷರ ಬ್ರಷ್ಷು ಕೆಳಗಿಟ್ಟ. ಅಕ್ಕ ಹತ್ತಿರ ಬಂದು, ಮೇಲಿನದನ್ನೊಮ್ಮೆ, ಕೆಳಗಿನದನ್ನೊಮ್ಮೆ ನೋಡಿದಳು. ಬೈದಿದ್ದರೆ ಅವನು ಏನಾದರೂ ಹೇಳುತ್ತಿದ್ದ. ಅವಳು ಬೈಯಲಿಲ್ಲ.

"ಚೆನ್ನಾಗೇ ಬರ್ದಿದ್ದೀಯ," ಎಂದಳು. "ಏಳು, ಬಣ್ಣ ಒಣಗಿದ ಮೇಲೆ ಇದನ್ನೂ ತಗೊಂಡ್ಹೋಗಿ ಅವರಿಗೇ ಕೊಡು."