ಚರಗದ ಎಲ್ಲೆ

ತಲೆಯ ಮೇಲೆ ಅನ್ನದ ಮಂಕರಿ ಹೊತ್ತ ಕುಮಾರ ಬೇವಿನ ಮರದ ಹತ್ತಿರ ಎಡಕ್ಕೆ ತಿರುಗಿದ. ಮುಂದೆ ನಡೆಯುತ್ತಿದ್ದ ಮಹದೇವ ಬಲಕ್ಕೆ ತಿರುಗಿದ.

"ಅಣ್ಣ, ಅದು ಲೇಔಟು ಕಣಣ್ಣ!"

"ಗೊತ್ತು. ನಡಿಲಾ."

ಸೀಗೆಹುಂಡಿಯಲ್ಲಿ ಮಾರಿಹಬ್ಬದ ಬೆಳಿಗ್ಗೆ, ಕೋಳಿಯ ರಕ್ತ ಕಲಸಿದ ಅನ್ನವನ್ನು ಊರಿನ ಎಲ್ಲೆಯುದ್ದಕ್ಕೂ ಚೆಲ್ಲುತ್ತ ಬರುತ್ತಾರೆ. ಅದೇ ಚರಗ. ಅದರೊಳಗೆ ಇದ್ದವರನ್ನು ಮಾರಮ್ಮ ಕಾಯುತ್ತಾಳೆ. ಹೊರಗಿನವರ ರೋಗರುಜಿನಕ್ಕೆ ಅವಳು ಹೊಣೆಯಲ್ಲ. ಎಲ್ಲೆ ತೋರಿಸುವವನು ಮಹದೇವ, ಅವನಿಗಿಂತ ಮುಂಚೆ ಅವನಪ್ಪ.

ನಂಜನಗೂಡು ಮೈಸೂರಿನ ಬಾಲ ಹಿಡಿದು ಬೆಳೆಯುತ್ತ ಬೆಳೆಯುತ್ತ ಸೀಗೆಹುಂಡಿಯ ಕೆರೆಯ ಮೇಲೆ ಬಂದು ಕೂತಿತ್ತು. ಕೆರೆಗೆ ಮಣ್ಣು ಸುರಿದು, ಕಮಾನು ಕಟ್ಟಿ, 'ಕಪಿಲಾ ವ್ಯೂ' ಎಂದು ಹೆಸರಿಟ್ಟರು. ನೀರಿನ ಟ್ಯಾಂಕು ಹತ್ತಿ ನೋಡಿದರೂ ಅಲ್ಲಿಂದ ಕಪಿಲೆ ಕಾಣುವುದಿಲ್ಲ, ಕಾಣುವುದು ಫ್ಯಾಕ್ಟರಿಗಳ ಹೊಗೆ. ಮೈಸೂರಿಗೆ ಹದಿನೈದೇ ನಿಮಿಷ ಎಂದು ಬೋರ್ಡು ಬೇರೆ! ಆ ರಸ್ತೆಯಲ್ಲಿ ಬಸ್ಸು ಕಾದವರು ಅದನ್ನು ಓದಿ ನಗಬೇಕು. ಬೆಳಿಗ್ಗೆ ನಾಯಿ ಹಿಡಿದುಕೊಂಡು ಓಡಾಡುವ ಆ ಜನರನ್ನು ಕಂಡರೆ ಮಹದೇವನಿಗೆ ಮೈಯೆಲ್ಲ ಉರಿ.

"ಕೆರೇಲಿ ಮನೆ ಕಟ್ಟೋನು ಕಪ್ಪೆ ಕಣ್ಲಾ. ಕಪ್ಪೆ ಕಾಯಕ್ಕೆ ಮಾರಮ್ಮಂಗೇನು ಬ್ಯಾರೆ ಕ್ಯಾಮೆ ಇಲ್ವಾ?" ಎಂದು ಅರಳಿಕಟ್ಟೆಯ ಮೇಲೆ ಕೂತು ಊರನ್ನೇ ನಗಿಸುತ್ತಿದ್ದ. ಪ್ರತಿವರ್ಷವೂ ಚರಗವನ್ನು ಲೇಔಟಿನ ಈಚೆಗೇ ನಿಲ್ಲಿಸುತ್ತಿದ್ದ.

ಆಮೇಲೆ ಅವನ ಒಬ್ಬಳೇ ಮಗಳು ಶಾಲಿನಿ, ಅಳಿಯ ದೀಪಕ್ ಅಲ್ಲೇ ಮನೆ ತೆಗೆದುಕೊಂಡರು. ಮಹದೇವನ ಬಾಯಿ ಕಟ್ಟಿಹೋಯಿತು. ಕಳೆದ ಮಳೆಗಾಲದಲ್ಲಿ ಮೊಮ್ಮಗಳು ಡೆಂಗ್ಯೂ ಜ್ವರದಿಂದ ಆಸ್ಪತ್ರೆ ಸೇರಿದಾಗ, ಮಗುವನ್ನು ಎಲ್ಲೆಯ ಹೊರಗೆ ಬಿಟ್ಟವನು ತಾನೇ ಎಂಬ ಭಯ ಎದೆಯಲ್ಲಿ ಕೂತದ್ದು, ಮಗು ಹುಷಾರಾಗಿ ಮನೆಗೆ ಬಂದರೂ ಏಳಲಿಲ್ಲ.

"ಮಗ್ಳು ಓದ ಕಡೀಕೆಲ್ಲ ಎಲ್ಲೆನೂ ಓಯ್ತದಾ? ಮೈಸೂರ್‌ಗಂಟ ಎಳ್ಕೊಂಡೋಗು ಮಾದೇವಣ್ಣ!" ಈಗ ಚರಗದ ಹಿಂದೆ ಬರುತ್ತಿದ್ದ ಊರವರಲ್ಲಿ ಯಾರೋ ಕಿಸಕ್ಕೆಂದರು. ಮಿಕ್ಕವರು ಕಮಾನಿನ ಹತ್ತಿರವೇ ನಿಂತುಬಿಟ್ಟರು. ಮಹದೇವ ನಾಚಿಕೆಯಿಂದ ಹಿಡಿಯಾದ. ಆದರೂ ನಡೆದ. ಮಗಳ ಮನೆಯ ಕಾಂಪೌಂಡನ್ನು ಸುತ್ತಿಬಂದು, ಕುಮಾರನ ತಲೆಯ ಮೇಲಿನ ಮಂಕರಿಗೆ ತಾನೇ ಕೈ ಹಾಕಿ, ಗೇಟಿನ ಮುಂದಿನ ರಸ್ತೆಯುದ್ದಕ್ಕೂ ಚೆಲ್ಲಿದ.

"ಇವ್ರ್ನೂ ಒಳೀಕೆ ಸೇರ್ಸ್ಕೊಂಡಿವ್ನಿ ಕಣವ್ವ ಮಾರಮ್ಮ, ಕಾಪಾಡು," ಎಂದು ಕೈಮುಗಿದ.

ಗೇಟು ತೆರೆಯಿತು. ಶಾಲಿನಿ ಮೊಬೈಲು ಹಿಡಿದು ನಿಂತಿದ್ದಳು.

"ಏನಪ್ಪ ಇದು ಗಲೀಜು? ಆಗ್ಲೇ ಲೇಔಟ್ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕವ್ರೆ. ನಮ್ಮನೆ ಮುಂದೇನೇ ಮಾಡ್ಬೇಕಿತ್ತಾ? ನಾನು ಇಲ್ಲಿ ಮುಖ ಎತ್ಕೊಂಡು ಓಡಾಡೋದು ಬ್ಯಾಡ್ವಾ?"

"ಮಗೀಗೆ ಒಳ್ಳೇದಾಗ್ಲಿ ಅಂತ ಕಣವ್ವ."

"ಕಿಟಕಿಗೆಲ್ಲ ಸೊಳ್ಳೆ ಮೆಶ್ ಹಾಕ್ಸಿದ್ದೀವಿ. ಅಷ್ಟು ಸಾಕು."

ಲೇಔಟಿನವರನ್ನು ಆಡಿಕೊಳ್ಳುವಾಗಿನ ತನ್ನದೇ ದನಿ ಮಗಳ ಬಾಯಲ್ಲಿ ಮಹದೇವನಿಗೆ ಕೇಳಿಸಿತು.

ಶಾಲಿನಿ ಒಳಗಿನಿಂದ ಪೈಪು ಎಳೆದು ತಂದಳು. ಕೆಂಪು ಅನ್ನ ಕಾಂಕ್ರೀಟಿನಿಂದ ಎದ್ದು ನೀರಿನೊಂದಿಗೆ ಇಳಿಜಾರು ಹಿಡಿಯಿತು.

"ಒಸಿ ಅತ್ಲಾಗೆ ನಿಂತ್ಕೊ ಅಪ್ಪ, ಕಾಲಿಗೆ ಸಿಡೀತದೆ."

ಮಹದೇವ ಬರಿಗಾಲಲ್ಲಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದ. ನೀರು ಅವನು ಸರಿದ ಕಡೆಗೇ ಬರುತ್ತಿತ್ತು.